ಸಾಕುವುದು ಮತ್ತು ಸಾಕೆನ್ನುವುದು

ಎರಡು ತಿಂಗಳ ಹಿಂದೆ ನಮ್ಮ ಸೊಸಾಯಿಟಿಯ ನೋಟೀಸು ಬೋರ್ಡಿನ ಮೇಲೆ ಒಂದು ಕಾಗದ ಅಂಟಿಸಿದರು. ಕಟ್ಟಡ ಹಳೆಯದಾಗಿದೆ, ಕೆಡವಿ ಹೊಸದು ಕಟ್ಟುವುದು ನಿಶ್ಚಯವಾಗಿದೆ, ದಸರೆ ಮುಗಿದ ಮೇಲೆ ಸದಸ್ಯರೆಲ್ಲ ಮನೆ ಖಾಲಿ ಮಾಡಿ ಬಾಡಿಗೆ ಮನೆಗಳಿಗೆ ಹೋಗತಕ್ಕದ್ದು ಎಂದು ಅದರ ಸಾರಾಂಶ. ಮುಂಬಯಿಯಲ್ಲಿ ಹಳೆಯ ಕಟ್ಟಡಗಳಲ್ಲಿ ಇರುವವರಿಗೆ ಇದು ಹೊಸ ಸುದ್ದಿಯೇನಲ್ಲ. ಅಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಸಾಮಾನುಗಳ ಯಾದಿ ಮಾಡಿದೆವು. ಕಪಾಟು ಒಯ್ಯುವುದು, ಹಳೆಯ ಮಂಚ ಮಾರುವುದು, ಅವ್ವನ ಕಬ್ಬಿಣದ ಟ್ರಂಕು ಒಯ್ಯುವುದು, ನನ್ನ ಪುಸ್ತಕಗಳಲ್ಲಿ ಅರ್ಧ ಸಂಘದ ವಾಚನಾಲಯಕ್ಕೆ ಕೊಡುವುದು. ಒಂದೊಂದಕ್ಕೂ ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು. ಕೊನೆಗೆ ಮಗಳು ಕಿಟಕಿಯ ಮೂಲೆಯತ್ತ ಕೈ ತೋರಿಸಿ, "ಅಪ್ಪಾ, ಇದನ್ನೇನು ಮಾಡೋಣ?" ಎಂದಳು.

ಅಲ್ಲಿ ನಮ್ಮ ರಬ್ಬರ್ ಗಿಡ ನಿಂತಿತ್ತು. ಗಿಡ ಎನ್ನುವುದು ರೂಢಿಯ ಮಾತು. ಅರ್ಧಕ್ಕೆ ಕತ್ತರಿಸಿದ ನೀಲಿ ಪೀಪಾಯಿಯಲ್ಲಿ ಬೇರೂರಿ, ತಲೆಯಿಂದ ಛಾವಣಿಯನ್ನು ಮುಟ್ಟಿ, ಮುಂದೆ ದಾರಿಯಿಲ್ಲದ್ದರಿಂದ ಅಲ್ಲಿ ಕತ್ತು ಬಾಗಿಸಿ ನಿಂತಿರುವ ಅದು ನಿಜವಾಗಿ ಒಂದು ಮರ.

ತಲೆಗೊಂದು ಅಭಿಪ್ರಾಯ ಬಂತು. ತುದಿ ಕತ್ತರಿಸಿ ಸಣ್ಣ ಕುಂಡದಲ್ಲಿ ನೆಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡೋಣ ಎಂದು ಮಗ. ಮೊಬೈಲಿನಲ್ಲಿ ಜಾಹೀರಾತು ಕೊಟ್ಟರೆ ಇಷ್ಟು ದೊಡ್ಡ ಗಿಡಕ್ಕೆ ಒಳ್ಳೆಯ ಬೆಲೆ ಬರುತ್ತದೆ ಎಂದು ಅಳಿಯ. ಮನೆಯಾಕೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಯಾದಿಯಲ್ಲಿ ಆ ಒಂದು ಸಾಲು ಮಾತ್ರ ಖಾಲಿ ಉಳಿಯಿತು. ಆ ಖಾಲಿ ಸಾಲನ್ನು ತುಂಬಲು ಹೊರಟು ನಾನು ಎರಡು ತಿಂಗಳಿಂದ ಯೋಚಿಸಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಯ ಮೂಲೆಯಲ್ಲೂ ಇಂಥದೊಂದು ಗಿಡ ಇದ್ದೀತು.

ಮೊದಲು ಅದರ ಕುಲಗೋತ್ರ ಹೇಳಬೇಕು. ರಬ್ಬರ್ ಎಂದೊಡನೆ ನಮಗೆ ಕೇರಳವೋ ಸುಳ್ಯ-ಪುತ್ತೂರಿನ ತೋಟಗಳೋ ನೆನಪಾಗುತ್ತವೆ. ಆ ರಬ್ಬರ್ ಮರ ಬ್ರೆಜಿಲ್ ದೇಶದ್ದು, ಬೇರೆಯೇ ಜಾತಿಯದು. ನಮ್ಮ ಮನೆಯ ಮೂಲೆಯದು ಫೈಕಸ್ ಇಲಾಸ್ಟಿಕಾ. ಆಲ, ಅರಳಿ, ಅತ್ತಿ, ಬಸರಿಗಳ ಸ್ವಂತ ದಾಯಾದಿ. ಅಸ್ಸಾಂ, ಮೇಘಾಲಯ, ಭೂತಾನ, ಬರ್ಮಾದ ಕಾಡುಗಳಿಂದ ಹಿಡಿದು ಮಲಯ, ಇಂಡೋನೇಶಿಯಾದವರೆಗೆ ಅದರ ತವರು. ಅಲ್ಲಿ ಅದು 30 ಮೀಟರಿಗೂ ಎತ್ತರ ಬೆಳೆಯುತ್ತದೆ, ಆಲದಂತೆ ಮೇಲಿನಿಂದ ಬಿಳಲು ಇಳಿಸುತ್ತದೆ. ಬ್ರೆಜಿಲ್ಲಿನ ಮರ ಬಂದು ಪೇಟೆ ಹಿಡಿಯುವ ಮೊದಲು, 19ನೆಯ ಶತಮಾನದಲ್ಲಿ, ಅಸ್ಸಾಮಿನಲ್ಲಿ ಇದರ ಹಾಲಿನಿಂದಲೇ ರಬ್ಬರ್ ಮಾಡುತ್ತಿದ್ದರು. ಹೆಸರು ಅಂದಿನದು. ಕೆಲಸ ಹೋದ ಮೇಲೂ ಹುದ್ದೆಯ ಹೆಸರು ಉಳಿದ ನಿವೃತ್ತ ನೌಕರನಂತೆ ಅದು ಈಗಲೂ ರಬ್ಬರ್ ಗಿಡವೇ.

1979ರಲ್ಲಿ ನಾನು ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಿಂದ ಹೊರಟು, ಮಿರಜಿನಲ್ಲಿ ಗಾಡಿ ಬದಲಿಸಿ, ವಿ.ಟಿ. ಸ್ಟೇಶನ್ನಿನಲ್ಲಿ ಇಳಿದವನು. ಹದಿನೇಳು ವರ್ಷ ಬಾಡಿಗೆ ಖೋಲಿಗಳಲ್ಲಿ ಕಳೆದು 1996ರಲ್ಲಿ ಈ ಮೂರನೆಯ ಮಾಳಿಗೆಯ ಎರಡು ಕೋಣೆಗಳನ್ನು ಸಾಲ ಮಾಡಿ ಕೊಂಡೆವು. ಗೃಹಪ್ರವೇಶದ ಮರುವಾರ, ರಸ್ತೆಯ ಅಂಚಿನಲ್ಲಿ ಗಿಡ ಮಾರುವ ಮಾಳಿಯೊಬ್ಬನಿಂದ ಒಂದಡಿ ಎತ್ತರದ ಈ ಸಸಿಯನ್ನು ತಂದೆ. "ಸಾಯುವುದಿಲ್ಲ ಸಾಹೇಬ, ಏನೂ ಕೇಳುವುದಿಲ್ಲ" ಎಂದು ಅವನು ಹಿಂದಿಯಲ್ಲಿ ಹೇಳಿದ್ದ. ಏನೂ ಕೇಳದ ಪ್ರಾಣಿಯೊಂದು ಮನೆಗೆ ಬರುತ್ತಿದೆಯೆಂದು ನಮಗೂ ಸಂತೋಷವೇ ಆಯಿತು.

ಮಾಳಿಯ ಮಾತು ಪೂರ್ತಿ ಸುಳ್ಳಲ್ಲ. ರಬ್ಬರ್ ಗಿಡ ಬಲು ಸಹನೆಯದು. ನೇರ ಬಿಸಿಲು ಬೇಡ, ಕಿಟಕಿಯ ಬೆಳಕು ಸಾಕು. ದಿನಾ ನೀರು ಬೇಡ. ಎರಡು ಬೆರಳಿನ ಆಳ ಮಣ್ಣು ಒಣಗಿದ ಮೇಲೆ ಹಾಕಿದರಾಯಿತು. ಎಲೆಗಳ ಮೇಲೆ ಮುಂಬಯಿಯ ಧೂಳು ಕೂತರೆ ಹಸಿ ಬಟ್ಟೆಯಿಂದ ಒರೆಸಬೇಕು. ಹೊಳಪು ಬರಲೆಂದು ಕೆಲವರು ಕೊಬ್ಬರಿ ಎಣ್ಣೆ ಸವರುತ್ತಾರೆ. ಆ ಜಿಡ್ಡಿಗೆ ಧೂಳು ಇನ್ನಷ್ಟು ಅಂಟಿಕೊಳ್ಳುತ್ತದೆ, ಹೊಳಪು ನೋಡುವವನಿಗೇ ಹೊರತು ಗಿಡಕ್ಕೆ ಉಪಯೋಗವಿಲ್ಲ. ಹೊಸ ಎಲೆ ಕೆಂಪು ಪೊರೆಯೊಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಎಲೆ ಬಿಚ್ಚಿಕೊಂಡ ದಿನ ಆ ಪೊರೆ ಕಳಚಿ ಬೀಳುತ್ತದೆ. ಮಕ್ಕಳು ಸಣ್ಣವರಿದ್ದಾಗ ಅದನ್ನು ಆರಿಸಿಕೊಳ್ಳಲು ಜಗಳವಾಡುತ್ತಿದ್ದರು.

ಗಿಡ ಬೆಳಕಿನ ಕಡೆ ವಾಲುತ್ತದೆ. ಒಂದೇ ಕಡೆ ವಾಲಿದರೆ ಬಂದವರ ಕಣ್ಣಿಗೆ ಚೆನ್ನಾಗಿ ಕಾಣದು. ಆದ್ದರಿಂದ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಬೆಳಕಿಗೆ ಮುಖ ಮಾಡಿದ ಎಲೆಗಳು ಆಗ ಗೋಡೆಗೆ ಮುಖ ಮಾಡುತ್ತವೆ. ಅವು ಮತ್ತೆ ಮೆಲ್ಲಗೆ ಕಿಟಕಿಯ ಕಡೆ ತಿರುಗುವಷ್ಟರಲ್ಲಿ ಮುಂದಿನ ರವಿವಾರ ಬಂದಿರುತ್ತದೆ. ಹೀಗೆ ನಮ್ಮ ಗಿಡ ನೆಟ್ಟಗೆ ಬೆಳೆದದ್ದನ್ನು ಎಲ್ಲರೂ ಹೊಗಳುತ್ತಿದ್ದರು.

ಕನ್ನಡದಲ್ಲಿ 'ಸಾಕು' ಎಂಬುದು ವಿಚಿತ್ರವಾದ ಶಬ್ದ. ಮಗುವನ್ನು ಸಾಕು, ಆಕಳನ್ನು ಸಾಕು ಎಂದರೆ ಪೋಷಿಸು ಎಂದರ್ಥ. ಬಡಿಸುವವರ ಮುಂದೆ ಎಲೆಯ ಮೇಲೆ ಕೈ ಅಡ್ಡಹಿಡಿದು ಸಾಕು ಎಂದರೆ ಇನ್ನು ಬೇಡ ಎಂದರ್ಥ. ಈ ಎರಡು ಶಬ್ದಗಳ ಮೂಲ ಒಂದೋ ಬೇರೆಯೋ ಪಂಡಿತರು ಹೇಳಲಿ. ನನಗೆ ಮಾತ್ರ ಗಿಡ ಸಾಕುತ್ತ ಸಾಕುತ್ತ ಇವು ಅಕ್ಕಪಕ್ಕದ ಮನೆಯವು ಎನಿಸತೊಡಗಿದೆ. ಸಾಕುವವನ ಕೆಲಸದಲ್ಲಿ ಹೆಚ್ಚಿನ ಪಾಲು ಎಲ್ಲಿ ಸಾಕು ಎನ್ನಬೇಕೆಂದು ತಿಳಿಯುವುದೇ ಆಗಿದೆ.

ನೀರನ್ನೇ ತೆಗೆದುಕೊಳ್ಳಿ. ಮನೆಯೊಳಗಿನ ರಬ್ಬರ್ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದ್ದರಿಂದ ಎಲೆ ಬಾಡಿ, ಹಳದಿಯಾಗಿ ಉದುರುತ್ತದೆ. ಬಾಡಿದ ಎಲೆ ಕಂಡು ಪ್ರೀತಿಯುಳ್ಳವನು ಮತ್ತಷ್ಟು ನೀರು ಹಾಕುತ್ತಾನೆ. ಪ್ರೀತಿಯಿಂದಲೇ ಗಿಡ ಸಾಯುತ್ತದೆ. ಇಲ್ಲಿ 'ಸಾಕು' ಎನ್ನಬೇಕಾದದ್ದು ಗಿಡ. ಅದಕ್ಕೆ ಬಾಯಿಲ್ಲ. ಆದ್ದರಿಂದ ಅದರ ಪರವಾಗಿ ನಾವು ನಮ್ಮ ಕೈಗೆ ಸಾಕು ಎಂದು ಹೇಳಿಕೊಳ್ಳಬೇಕು.

ಎತ್ತರದ ವಿಷಯದಲ್ಲಿ ಮಾತ್ರ 'ಸಾಕು' ನಮ್ಮದೇ. ಗಿಡಕ್ಕೆ 30 ಮೀಟರು ಬೇಕು, ನಮ್ಮ ಛಾವಣಿ ಇರುವುದು ಒಂಬತ್ತೂವರೆ ಅಡಿಗೆ. ಇಷ್ಟು ವರ್ಷಗಳಲ್ಲಿ ನಾನು ಮೂರು ಸಲ ಅದರ ತಲೆ ಕತ್ತರಿಸಿದ್ದೇನೆ. ಕತ್ತರಿಸಿದಲ್ಲಿ ಬೆಳ್ಳಗೆ ಹಾಲು ಸುರಿಯುತ್ತದೆ. ಕೈಗೆ ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ನೆಲಕ್ಕೆ ಬಿದ್ದರೆ ಕಲೆಯಾಗುತ್ತದೆ. ಕೆಳಗೆ ಹಳೆಯ ಪೇಪರು ಹಾಸಿ, ಗಾಯಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಹಾಲು ತಾನೇ ಹೆಪ್ಪುಗಟ್ಟಿ ಗಾಯ ಮುಚ್ಚುತ್ತದೆ. ಈ ನಗರದಲ್ಲಿ ನೆಲದ ಮೇಲೆ ನಿಂತ ಮರದ ಕೊಂಬೆ ಕಡಿಯಬೇಕಾದರೆ ಪಾಲಿಕೆಯ ಅಪ್ಪಣೆ ಬೇಕು. ಅದಕ್ಕೆ 1975ರ ಒಂದು ಕಾನೂನೇ ಇದೆ. ನಮ್ಮ ಮನೆಯೊಳಗಿನ ಮರದ ತಲೆ ಕತ್ತರಿಸುವಾಗ ನನ್ನನ್ನು ಕೇಳಲು ಯಾರೂ ಬರಲಿಲ್ಲ. ಕಾಳಜಿಯಿಂದ ನೀರು ಹಾಕದೆ ಬಿಟ್ಟವನೂ ನಾನೇ, ಅನುಕೂಲಕ್ಕಾಗಿ ತಲೆ ಕತ್ತರಿಸಿದವನೂ ನಾನೇ. ಎರಡಕ್ಕೂ ನಾನು 'ಸಾಕುವುದು' ಎಂಬ ಒಂದೇ ಹೆಸರು ಕೊಟ್ಟುಕೊಂಡಿದ್ದೆ.

"ಗಿಡಕ್ಕೇನು ನೋವೇ, ಆಸೆಯೇ? ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?" ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಗದೀಶಚಂದ್ರ ಬೋಸರು ನೂರು ವರ್ಷಕ್ಕೂ ಹಿಂದೆ ತಮ್ಮ ಸೂಕ್ಷ್ಮ ಯಂತ್ರಗಳಿಂದ ಸಸ್ಯಗಳೂ ಪ್ರಚೋದನೆಗೆ ಸ್ಪಂದಿಸುತ್ತವೆಂದು ತೋರಿಸಿದರು. ಆದರೆ ಸ್ಪಂದಿಸುವುದು ಬೇರೆ, ನೋಯುವುದು ಬೇರೆ. ನರವಿಲ್ಲದ, ಮಿದುಳಿಲ್ಲದ ಗಿಡ ನಮ್ಮಂತೆ ನೋಯುತ್ತದೆ ಎನ್ನಲು ಆಧಾರವಿಲ್ಲ. ನಮ್ಮ ಕಡೆಯ ಜೈನ ಬಂಧುಗಳ ಶಾಸ್ತ್ರ ಗಿಡವನ್ನು ಏಕೇಂದ್ರಿಯ ಜೀವ ಎನ್ನುತ್ತದೆ. ಸ್ಪರ್ಶವೊಂದೇ ಅದರ ಇಂದ್ರಿಯ. ಹಾಗಿದ್ದರೂ ಅದಕ್ಕೆ ಸುಮ್ಮಸುಮ್ಮನೆ ಹಿಂಸೆ ಮಾಡಬಾರದೆಂದು ವಿಧಿ. ಜೀವಕ್ಕೆ ಗೌರವ ತೋರಬೇಕೆಂದು ಬೋಧಿಸಿದ ಆಲ್ಬರ್ಟ್ ಶ್ವೈಟ್ಜರರೂ ಇಂಥದೇ ಮಾತು ಹೇಳುತ್ತಾರೆ: ಹಸುವಿನ ಮೇವಿಗಾಗಿ ಸಾವಿರ ಹೂಗಳಿರುವ ಹುಲ್ಲುಗಾವಲನ್ನೇ ಕೊಯ್ಯುವ ರೈತ ತಪ್ಪು ಮಾಡಿದಂತಲ್ಲ, ಆದರೆ ಮನೆಗೆ ಮರಳುವಾಗ ದಾರಿಬದಿಯ ಒಂದು ಹೂವನ್ನು ಸುಮ್ಮನೆ ಹೊಡೆದುರುಳಿಸಬಾರದು. ಅಗತ್ಯಕ್ಕೂ ಚಟಕ್ಕೂ ಅವರು ಎಳೆಯುವ ಗೆರೆ ಅದು.

ನಾನು ಎಳೆಯುವ ಗೆರೆ ಸ್ವಲ್ಪ ಬೇರೆ. ಗಿಡ ನೋಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ನನ್ನ ಹೊಣೆ ನಿಂತಿಲ್ಲ. ಕಾಡಿನಲ್ಲಿರುವ ರಬ್ಬರ್ ಮರಕ್ಕೆ ನನ್ನಿಂದ ಏನೂ ಆಗಬೇಕಾಗಿಲ್ಲ. ಅದರ ಬೇರು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ, ತನ್ನ ಬೆಳಕಿಗೆ ತಾನೇ ಏರುತ್ತದೆ. ಕುಂಡದೊಳಗೆ ಇಟ್ಟ ದಿನ ನಾನು ಅದರ ಆ ಶಕ್ತಿಯನ್ನು ಕಿತ್ತುಕೊಂಡೆ. ನಾಲ್ಕು ದಿಕ್ಕಿಗೂ ಬೇರು ಚಾಚಿದರೆ ನಾಲ್ಕು ದಿಕ್ಕಿಗೂ ಪ್ಲಾಸ್ಟಿಕ್ ಗೋಡೆ. ಇನ್ನು ಅದು ಬದುಕಬೇಕಾದರೆ ನಾನೇ ತಂಬಿಗೆ ಹಿಡಿದು ಹೋಗಬೇಕು. ಅದಕ್ಕೆ ನನ್ನ ಅವಶ್ಯಕತೆ ಇದೆ ಎಂದು ನಾನು ಹೆಮ್ಮೆಪಡುತ್ತಿದ್ದೆ. ಆ ಅವಶ್ಯಕತೆಯನ್ನು ಹುಟ್ಟಿಸಿದವನು ನಾನು ಎಂಬುದು ಹೊಳೆದಿರಲಿಲ್ಲ. ಅವಶ್ಯಕತೆ ಹುಟ್ಟಿಸಿದವನ ಮೇಲೆ ಅದನ್ನು ತೀರಿಸುವ ಋಣ ಇರುತ್ತದೆ. ಮನೆ ಬದಲಿಸುವ ದಿನ ಬಂತೆಂದು ಆ ಋಣ ಹರಿದುಹೋಗುವುದಿಲ್ಲ.

ಅದು ನಮಗೇನು ಕೊಟ್ಟಿತು ಎಂದು ಲೆಕ್ಕ ಹಾಕುವವರೂ ಇದ್ದಾರೆ. ಮನೆಯ ಗಾಳಿ ಶುದ್ಧ ಮಾಡುತ್ತದೆಂದು ಅಳಿಯ ಎಲ್ಲೋ ಓದಿದ್ದ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಪೆಟ್ಟಿಗೆಗಳೊಳಗೆ ಗಿಡಗಳನ್ನಿಟ್ಟು ಮಾಡಿದ ಪ್ರಯೋಗದಿಂದ ಆ ಮಾತು ಹುಟ್ಟಿತು. ಅಂಥ ಪ್ರಯೋಗಗಳನ್ನೆಲ್ಲ ಕೂಡಿಸಿ 2019ರಲ್ಲಿ ಮರುಪರೀಕ್ಷೆ ಮಾಡಿದವರು, ಜನ ಓಡಾಡುವ ಸಾಮಾನ್ಯ ಮನೆಯಲ್ಲಿ ನಾಲ್ಕಾರು ಕುಂಡಗಳಿಂದ ಆಗುವ ಶುದ್ಧಿ ಲೆಕ್ಕಕ್ಕೆ ಬರುವಂಥದಲ್ಲ, ಕಿಟಕಿ ತೆರೆದರೆ ಅದಕ್ಕಿಂತ ಎಷ್ಟೋ ಹೆಚ್ಚು ಕೆಲಸವಾಗುತ್ತದೆ ಎಂದರು. ಅಂದಮೇಲೆ ಗಿಡ ನಮಗೆ ಕೊಟ್ಟದ್ದು ತನ್ನ ಹಸಿರು, ತನ್ನ ಇರವು. ಅಷ್ಟೇ. ಲಾಭ ಬರುವವರೆಗೆ ಸಾಕುತ್ತೇನೆ ಎನ್ನುವವನಿಗೆ ಅದನ್ನು ಮಾರಲು ಅಡ್ಡಿಯಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಪ್ರತಿ ವರ್ಷ ರಾಜ್ಯೋತ್ಸವದ ವೇದಿಕೆಯ ಮೇಲೆ ಯಾರಾದರೊಬ್ಬ ಅತಿಥಿಗಳು, "ಹೊರನಾಡ ಕನ್ನಡಿಗರು ಕುಂಡದೊಳಗಿನ ಗಿಡಗಳು, ತಾಯ್ನೆಲದ ಮಣ್ಣಿನಿಂದ ದೂರವಾದವರು" ಎಂದು ಹೇಳುತ್ತಾರೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟಿದ್ದೇನೆ. ಆದರೆ ಈ ಹೋಲಿಕೆ ನಮ್ಮ ವಿಷಯದಲ್ಲಿ ಸುಳ್ಳು. ನಮ್ಮನ್ನು ಯಾರೂ ಕಿತ್ತು ತಂದು ಕುಂಡದಲ್ಲಿ ಇಡಲಿಲ್ಲ. ಪಗಾರಕ್ಕಾಗಿ ನಾವೇ ಟಿಕೀಟು ತೆಗೆಸಿ ಗಾಡಿ ಹತ್ತಿದೆವು. ಬೇರಿಗೆ ಜಾಗ ಸಾಲದಾದಾಗ ನಾವೇ ಸಂಘ ಕಟ್ಟಿದೆವು, ಶಾಲೆ ನಡೆಸಿದೆವು, ಯಕ್ಷಗಾನ ನಾಟಕ ಆಡಿಸಿದೆವು, ಮರಾಠಿಯಲ್ಲಿ ಭಾಜಿಯವಳೊಡನೆ ಚೌಕಾಸಿ ಮಾಡಿದೆವು. ಗಿಡಕ್ಕೆ ಇಂಥ ಅವಕಾಶವಿಲ್ಲ. ನಮ್ಮನ್ನು ನಾವೇ ಕುಂಡದ ಗಿಡವೆಂದು ಕರೆದುಕೊಂಡು ಮರುಕಪಡುವಾಗ, ನಮ್ಮ ಕೈಯಿಂದ ನಿಜವಾಗಿ ಕುಂಡಕ್ಕೆ ಬಂದವರು ಕಣ್ಣಿಗೆ ಬೀಳದೆ ಹೋಗುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ ಇದೇ ರಬ್ಬರ್ ಮರದಿಂದ ಜನ ಸೇತುವೆ ಮಾಡುತ್ತಾರೆ. ಅಲ್ಲಿಯ ಮಳೆಗೆ ಕಟ್ಟಿಗೆಯ ಸೇತುವೆ ಕೊಳೆತುಹೋಗುತ್ತದೆ. ಆದ್ದರಿಂದ ಹಳ್ಳದ ದಂಡೆಯ ಮೇಲೆ ರಬ್ಬರ್ ಮರ ನೆಟ್ಟು, ಅದು ಬಿಟ್ಟ ಎಳೆಯ ಬಿಳಲುಗಳನ್ನು ಬಿದಿರಿನ ಆಧಾರದ ಮೇಲೋ ಟೊಳ್ಳು ಮಾಡಿದ ಅಡಿಕೆಯ ಕಾಂಡದೊಳಗೋ ಹಾಯಿಸಿ ಆಚೆ ದಂಡೆಗೆ ಮುಟ್ಟಿಸುತ್ತಾರೆ. ಅಲ್ಲಿ ಅವು ನೆಲದಲ್ಲಿ ಬೇರೂರುತ್ತವೆ. ಜನ ನಡೆದಾಡುವಷ್ಟು ಗಟ್ಟಿಯಾಗಲು ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಹಿಡಿಯುತ್ತದೆ. ಬಿಳಲು ಹಾಯಿಸಿದವನು ಮುದುಕನಾಗಿರುತ್ತಾನೆ, ಇಲ್ಲವೇ ಹೋಗಿರುತ್ತಾನೆ. ದಾಟುವವರು ಮೊಮ್ಮಕ್ಕಳು. ಮುಂದೆ ನೂರಾರು ವರ್ಷ ಬಾಳುತ್ತದೆ. ನೋಂಗ್ರಿಯಾಟ್ ಎಂಬ ಹಳ್ಳಿಯಲ್ಲಿ ಒಂದರ ಮೇಲೊಂದು ಎರಡು ಅಂತಸ್ತಿನ ಸೇತುವೆಯೇ ಇದೆ. ಈ ಸೇತುವೆಗಳ ಪ್ರದೇಶವನ್ನು 2022ರಲ್ಲಿ ಯುನೆಸ್ಕೋದ ಪಾರಂಪರಿಕ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿಸಿದರು.

ಆ ಜನವೂ ಮರವನ್ನು ತಮ್ಮ ಉಪಯೋಗಕ್ಕೇ ಬಳಸುತ್ತಾರೆ, ತಮಗೆ ಬೇಕಾದ ಕಡೆಗೇ ಬಾಗಿಸುತ್ತಾರೆ. ಅವರೇನೂ ಸನ್ಯಾಸಿಗಳಲ್ಲ. ಹಾಗಾದರೆ ಅವರಿಗೂ ನನಗೂ ಏನು ಅಂತರ? ಬಹಳ ದಿನ ಯೋಚಿಸಿದ ಮೇಲೆ ನನಗೆ ತೋರಿದ್ದು ಇದು. ಅಲ್ಲಿ ಮರ ಬೆಳೆದಷ್ಟೂ ಸೇತುವೆ ಗಟ್ಟಿಯಾಗುತ್ತದೆ. ಅದರ ಬೆಳವಣಿಗೆಯೇ ಅವರ ಲಾಭ. ನನ್ನ ಮನೆಯಲ್ಲಿ ಗಿಡ ಬೆಳೆದಷ್ಟೂ ನನಗೆ ತೊಂದರೆ. ಅದರ ಬೆಳವಣಿಗೆಯೇ ಅದರ ಅಪರಾಧ. ಯಾರನ್ನಾದರೂ ನಾವು ಸರಿಯಾಗಿ ಸಾಕುತ್ತಿದ್ದೇವೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ನನಗೆ ಸಿಕ್ಕಿಲ್ಲ. ನಾವು ಸಾಕಿದ ಜೀವ ತನ್ನ ಸ್ವಭಾವಕ್ಕೆ ತಕ್ಕಂತೆ ಬೆಳೆದರೆ, ನಡೆದರೆ, ನಮಗೆ ಸಂತೋಷವಾಗುತ್ತದೆಯೋ ಇಕ್ಕಟ್ಟಾಗುತ್ತದೆಯೋ? ಇಕ್ಕಟ್ಟಾಗುವುದಾದರೆ ನಮ್ಮ ಕಾಳಜಿಯಲ್ಲಿ ನಮ್ಮದೇ ಅನುಕೂಲ ಎಷ್ಟು ಬೆರೆತಿದೆ ಎಂದು ನೋಡಿಕೊಳ್ಳಬೇಕು.

ಈ ಒರೆಗಲ್ಲನ್ನು ಗಿಡಕ್ಕೆ ಹಚ್ಚಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನನ್ನ ಮನೆಯಲ್ಲಿ ಅದೇ ಕಿಟಕಿಯ ಪಕ್ಕದಲ್ಲಿ ಇನ್ನೊಬ್ಬರು ಐದು ವರ್ಷ ಕುಳಿತಿದ್ದರು.

2009ರಲ್ಲಿ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದ ನಾಲ್ಕನೆಯ ದಿನಕ್ಕೆ ನಾನು ಊರ ಮನೆಗೆ ಬೀಗ ಹಾಕಿ ಅವ್ವನನ್ನು ಮುಂಬಯಿಗೆ ಕರೆತಂದೆ. ಆಕೆಗೆ ಆಗ ಎಪ್ಪತ್ತಾರು ವರ್ಷ. ಬಿ.ಪಿ. ಇತ್ತು, ಮೊಣಕಾಲು ನೋವಿತ್ತು. ಒಬ್ಬಳೇ ಇರುವುದು ಹೇಗೆ? ಊರವರೆಲ್ಲ ನನ್ನನ್ನು ಹೊಗಳಿದರು. ಇಂಥ ಮಗ ಇರಬೇಕು ಎಂದರು. ಅಲ್ಲಿ ಆಕೆಗೆ ಹಿತ್ತಲಿತ್ತು, ಕರಿಬೇವು ಇತ್ತು, ಸಂಜೆ ನಾಲ್ಕು ಜನ ಬಂದು ಕೂಡುವ ಕಟ್ಟೆಯಿತ್ತು. ಇಲ್ಲಿ ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ. ಕೆಳಗಿಳಿದರೆ ಹತ್ತುವುದು ಕಷ್ಟ. ಆಕೆ ಕಿಟಕಿಯ ಬದಿಯಲ್ಲಿ ಗಿಡದ ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡು ಕೂಡತೊಡಗಿದಳು.

ಮತ್ತು ಗಿಡಕ್ಕೆ ದಿನಾ ನೀರು ಹಾಕತೊಡಗಿದಳು. ಕರಿನೆಲದಲ್ಲಿ ಬೆಳೆದವಳು, ಮಳೆಗೆ ಮುಗಿಲು ನೋಡಿದವಳು. ಗಿಡ ಕಂಡರೆ ನೀರು ಹಾಕಬೇಕೆಂಬುದೇ ಆಕೆಗೆ ಗೊತ್ತಿದ್ದ ಧರ್ಮ. ತಿಂಗಳೊಪ್ಪತ್ತಿನಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಬೀಳತೊಡಗಿದವು. ನಾನು ಸ್ವಲ್ಪ ಜೋರಾಗಿಯೇ ಹೇಳಿದೆ: "ಅವ್ವಾ, ದಿನಾ ನೀರು ಹಾಕಬ್ಯಾಡ. ಬೆರಳು ಮಣ್ಣಾಗ ಹಾಕಿ ನೋಡು. ಹಸಿ ಇದ್ರ ಬಿಟ್ಟುಬಿಡು. ಒಣಗಿದ್ರ ಅಷ್ಟ ಹಾಕು."

ಆಕೆ ಬೆರಳು ಹಾಕಿ ನೋಡಿದಳು. "ಅಂದ್ರ ಅದನ್ನ ಕೇಳಿ ಹಾಕಬೇಕು ಅನ್ನು" ಎಂದಳು.

ಹಾಗೆಯೇ ಮಾಡಿದಳು. ಗಿಡ ಚೇತರಿಸಿಕೊಂಡಿತು. ನಾನು ತಲೆ ಕತ್ತರಿಸುವಾಗ ಹಾಲು ಸುರಿದದ್ದನ್ನು ಕಂಡು, "ಹಾಲು ಬರೂ ಗಿಡ ಕಡೀಬಾರದೋ ತಮ್ಮಾ" ಎಂದು ಒಮ್ಮೆ ಹೇಳಿದ್ದಳು. ಅದಕ್ಕೆ ನಾನು ಛಾವಣಿ ತೋರಿಸಿದ್ದೆ. ಆಕೆ ಸುಮ್ಮನಾದಳು.

ಆ ಐದು ವರ್ಷಗಳಲ್ಲಿ ಆಕೆ ಮೂರು ಸಲ ನನ್ನನ್ನು ಒಂದು ಮಾತು ಕೇಳಿದಳು. "ಒಂದೆರಡು ತಿಂಗಳು ಊರಾಗ ಇದ್ದು ಬರ್ತೀನಿ ತಮ್ಮಾ. ಹಿತ್ತಲ ಏನಾಗೇತೋ ನೋಡಬೇಕು." ಮೂರು ಸಲವೂ ನಾನು, "ದೀಪಾವಳಿಗೆ ಹೋಗೋಣವ್ವಾ" ಎಂದೆ. ದೀಪಾವಳಿ ಬಂದಾಗ ಒಂದು ಸಲ ಮಗನ ಪರೀಕ್ಷೆ, ಒಂದು ಸಲ ಆಫೀಸಿನ ಆಡಿಟ್, ಒಂದು ಸಲ ಡಾಕ್ಟರು ಪ್ರಯಾಣ ಬೇಡವೆಂದರು ಎಂಬ ನೆವ. 2014ರ ಮಳೆಗಾಲದಲ್ಲಿ ಆಕೆ ಇಲ್ಲಿಯೇ ಹೋದಳು. ನಾಲ್ಕನೆಯ ಸಲ ಕೇಳಿರಲಿಲ್ಲ.

ಆಕೆಗೆ ಏನು ಕಡಿಮೆ ಮಾಡಿದ್ದೆವು ಎಂದು ನಾನು ಬಹಳ ವರ್ಷ ನನ್ನನ್ನೇ ಸಮಾಧಾನಪಡಿಸಿಕೊಂಡೆ. ಹೊತ್ತುಹೊತ್ತಿಗೆ ಊಟ, ಗುಳಿಗೆ, ತಿಂಗಳಿಗೊಮ್ಮೆ ಡಾಕ್ಟರು. ಕಳಿಸಿಕೊಟ್ಟು, ಅಲ್ಲಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರೆ ಆಗ ಜನ ಏನೆನ್ನುತ್ತಿದ್ದರು? ಈ ಪ್ರಶ್ನೆ ಸುಳ್ಳಲ್ಲ. ಕಳಿಸದೇ ಇದ್ದದ್ದೇ ಸರಿಯಿರಲೂಬಹುದು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇವತ್ತು ಇದೇ ಲೆಕ್ಕ ನಡೆದಿದೆ. ಯಾವ ಮಗ, ಯಾವ ಮಗಳು ತಪ್ಪು ಮಾಡಿದರೆಂದು ತೀರ್ಪು ಕೊಡಲು ನಾನು ಯಾರು? ನನ್ನ ತಪ್ಪು ಎಲ್ಲಿತ್ತೆಂದು ಮಾತ್ರ ಹೇಳಬಲ್ಲೆ. ಕಳಿಸುವುದಿಲ್ಲ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಆಕೆ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಬಿದ್ದರೆ ಬೀಳಲಿ ಎನ್ನುತ್ತಿದ್ದಳು. ನಾನು ನನ್ನ ಭಯ ಹೇಳಿಕೊಳ್ಳಬಹುದಿತ್ತು, ಇಬ್ಬರೂ ಕೂಡಿ ಒಂದು ದಾರಿ ಹುಡುಕಬಹುದಿತ್ತು. ನಾನು ಹೋಗೋಣ ಎಂದೆ. ಹೋಗುವ ಮನಸ್ಸಿಲ್ಲದೆ ಎಂದೆ. ಹಳದಿ ಎಲೆಯ ಭಾಷೆ ಕಲಿತವನು, ಬೆರಳಿಟ್ಟು ಮಣ್ಣನ್ನು ಕೇಳಬೇಕೆಂದು ಉಪದೇಶ ಮಾಡಿದವನು, ಅಚ್ಚಕನ್ನಡದಲ್ಲಿ ಬಾಯಿಬಿಟ್ಟು ಕೇಳಿದವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಆದ್ದರಿಂದ ಗಿಡವೂ ಅವ್ವನೂ ಒಂದೇ ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವೇ ನನ್ನನ್ನು ಚುಚ್ಚುವುದು. ಗಿಡಕ್ಕೆ ಬಾಯಿಲ್ಲದ್ದರಿಂದ ಅದರ ಹಿತವನ್ನು ನಾವು ಊಹಿಸಬೇಕು, ಬೇರೆ ಉಪಾಯವಿಲ್ಲ. ಮನುಷ್ಯರಿಗೆ ಬಾಯಿದೆ. ಅವರ ಹಿತವನ್ನು ಊಹಿಸಿ ಅವರ ಮಾತನ್ನು ಬದಿಗಿಟ್ಟರೆ ನಾವು ಅವರನ್ನು ಗಿಡ ಮಾಡಿದಂತೆ. ವಯಸ್ಸಾದವರ ವಿಷಯದಲ್ಲಿ ಮಾತ್ರವಲ್ಲ, ಮಕ್ಕಳ ವಿಷಯದಲ್ಲೂ ನಾವು ಇದನ್ನೇ ಮಾಡುತ್ತೇವೆ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ, ನೆಟ್ಟಗೆ ಬೆಳೆದರೆಂದು ಬಂದವರಿಗೆ ತೋರಿಸುತ್ತೇವೆ. ಒಳ್ಳೆಯದಕ್ಕೇ ಮಾಡುತ್ತೇವೆ ಎಂಬುದು ನಿಜ. ಒಳ್ಳೆಯದಕ್ಕೇ ಅವ್ವನೂ ದಿನಾ ನೀರು ಹಾಕುತ್ತಿದ್ದಳು. ಆದರೆ ಆಕೆ ಒಂದೇ ಮಾತಿಗೆ ತಿದ್ದಿಕೊಂಡಳು.

ಈಗ ಗಿಡದ ಪ್ರಶ್ನೆಗೆ ಮರಳೋಣ. ಕಾಡಿಗೆ ಬಿಡುತ್ತೇನೆ ಎನ್ನುವುದು ಸುಲಭ, ಅದರ ಕಾಡು ಇಲ್ಲಿಲ್ಲ. ಸೊಸಾಯಿಟಿಯ ಅಂಗಳದಲ್ಲಿ ನೆಟ್ಟರೆ ನಾಲ್ಕು ವರ್ಷಕ್ಕೆ ಅದರ ಬೇರು ಫರಸಿಯನ್ನು ಎಬ್ಬಿಸುತ್ತದೆ, ನಳದ ಕೊಳವೆಗಳಿಗೆ ಸುತ್ತಿಕೊಳ್ಳುತ್ತದೆ. ಆಗ ಯಾರೋ ಕೊಡಲಿ ತರುತ್ತಾರೆ, ಅದರಲ್ಲಿ ಅವರ ತಪ್ಪೂ ಇರುವುದಿಲ್ಲ. ಯೋಚಿಸಿ ಯೋಚಿಸಿ ಕೊನೆಗೆ ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯರನ್ನು ಕೇಳಿದೆ. ಕರ್ಜತ್ ಕಡೆ ಅವರದೊಂದು ಸಣ್ಣ ಜಮೀನಿದೆ. ಮನೆಯಿಂದ, ಬಾವಿಯಿಂದ ಐವತ್ತು ಅಡಿ ದೂರದ ಮೂಲೆಯೊಂದನ್ನು ಅವರು ತೋರಿಸಿದರು. ಇದರ ಹೂವಿನ ಪರಾಗಸ್ಪರ್ಶಕ್ಕೆ ಇದರದೇ ಒಂದು ಜಾತಿಯ ಸಣ್ಣ ಕಣಜ ಬೇಕು. ಅದು ಬಾರದೆ ಬೀಜವಾಗದು. ಆದ್ದರಿಂದ ಅಕ್ಕಪಕ್ಕದವರ ಹೊಲಕ್ಕೆ ಹಬ್ಬುವ ಭಯವೂ ಇಲ್ಲ.

ಆದರೆ ಒಮ್ಮೆಗೇ ಒಯ್ದು ನೆಡಲಾಗದು. ಮೂವತ್ತು ವರ್ಷ ಮನೆಯ ನೆರಳಿನಲ್ಲಿದ್ದ ಎಲೆ ನೇರ ಬಿಸಿಲಿಗೆ ಸುಟ್ಟುಹೋಗುತ್ತದೆ. ಮೊದಲು ಬೆಳಗಿನ ಒಂದು ತಾಸು, ಆಮೇಲೆ ಎರಡು ತಾಸು, ಹೀಗೆ ವಾರಗಟ್ಟಲೆ ಬಿಸಿಲು ರೂಢಿಸಬೇಕು. ಪೀಪಾಯಿಯಲ್ಲಿ ಸುತ್ತಿ ಸುತ್ತಿ ಗಂಟಾದ ಬೇರುಗಳನ್ನು ಬಿಡಿಸಿ, ಕೆಲವನ್ನು ಕತ್ತರಿಸಿ ಇಳಿಸಬೇಕು. ಇಲ್ಲವಾದರೆ ಬಯಲಿನಲ್ಲಿಟ್ಟರೂ ಅವು ಇಲ್ಲದ ಪೀಪಾಯಿಯನ್ನೇ ಸುತ್ತುತ್ತಿರುತ್ತವೆ. ಇದನ್ನು ಓದಿ ತಿಳಿದುಕೊಂಡ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಂದು ಗಿಡವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಲು ಆರು ವಾರ ಬೇಕು. ಅವ್ವನನ್ನು ಹಿತ್ತಲಿನಿಂದ ಮೂರನೆಯ ಮಾಳಿಗೆಗೆ ತರಲು ನಾನು ತೆಗೆದುಕೊಂಡದ್ದು ನಾಲ್ಕು ದಿನ.

ಹೋದ ವಾರ ಮಗನೂ ಅಳಿಯನೂ ಸೇರಿ ಪೀಪಾಯಿಯನ್ನು ಗೋಣಿತಟ್ಟಿನ ಮೇಲೆ ಎಳೆದು ಬಾಲ್ಕನಿಯ ಬಾಗಿಲಿಗೆ ತಂದಿಟ್ಟರು. ತುದಿಯ ಒಂದು ಕೊಂಬೆಗೆ ಮಗಳು ಗೂಟಿ ಕಟ್ಟಿದ್ದಾಳೆ. ತೊಗಟೆ ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು. ಬೇರು ಬಂದರೆ ಆ ಸಸಿ ತನಗಿರಲಿ ಎನ್ನುತ್ತಾಳೆ. ಇನ್ನೊಂದನ್ನು ಕುಂಡಕ್ಕೆ ಹಾಕುವುದು ಸರಿಯೇ ಎಂದು ನಾನು ಕೇಳಿದೆ. "ಛಾವಣಿ ಮುಟ್ಟಿದಾಗ ಅದನ್ನೂ ಕರ್ಜತ್‌ಗೆ ಒಯ್ದರಾಯಿತು ಬಿಡಿ ಅಪ್ಪಾ" ಎಂದಳು. ಒಪ್ಪಿಕೊಂಡೆ. ಹೊರಗೆ ಬಿಡುವ ದಿನವನ್ನು ಒಳಗೆ ತರುವ ದಿನವೇ ಯೋಚಿಸಿಟ್ಟರೆ ಅರ್ಧ ಋಣ ತೀರಿದ ಹಾಗೆ.

ಮನೆಯಾಕೆ ಈಗಲೂ ಏನೂ ಹೇಳಿರಲಿಲ್ಲ. ನಿನ್ನೆ ನಾನೇ ಕೇಳಿದೆ, ನಿನಗೇನನಿಸುತ್ತದೆ ಎಂದು. ಇಷ್ಟು ದಿನ ಕೇಳದೆ ಈಗ ಕೇಳಿದ್ದು ಯಾಕೆಂಬಂತೆ ನೋಡಿದಳು. ಆಮೇಲೆ, "ಬಾಡಿಗೆ ಮನೆ ಎರಡನೆಯ ಮಾಳಿಗೆಯಾದರೂ ಲಿಫ್ಟ್ ಇರುವ ಕಟ್ಟಡದಲ್ಲಿ ನೋಡಿರಿ. ನನ್ನ ಮೊಣಕಾಲೂ ನೋಯಾಕ ಹತ್ಯಾವ" ಎಂದಳು. ಅದನ್ನು ಯಾದಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದುಕೊಂಡಿದ್ದೇನೆ.